ಎಡ ಹೆಗಲಿನ ನೆರಳು

1964ನೇ ಇಸವಿ ನವೆಂಬರ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕುಮಟೆ ಪೇಟೆಯ ಅಂಚಿನ ಬಯಲಿನಲ್ಲಿ ಕ್ಷಯ ತಪಾಸಣೆಯ ಎಕ್ಸ್‌ರೇ ವ್ಯಾನು ನಿಂತಿತ್ತು. ಅದರ ಬಾಗಿಲಿಗೆ ಹೆಂಗಸರ ಸಾಲು. ಸಾಲಿನಲ್ಲಿ ಭಟ್ಕಳದ ನರ್ಸು ದೇವಿ ಮಾಸ್ತಿ ಗೌಡ ನಿಂತಿದ್ದಳು. ಅವಳ ಮುಂದೆ ಒಬ್ಬ ಹಾಲಕ್ಕಿ ಅಜ್ಜಿ ಕುತ್ತಿಗೆಯ ಮಣಿಸರಗಳನ್ನು ಒಂದೊಂದಾಗಿ ಬಿಚ್ಚಿ ಬುಟ್ಟಿಗೆ ಹಾಕುತ್ತಿದ್ದಳು.

“ಅಜ್ಜೀ, ಇದೇ ಕಡೇದಾ?” ಎಂದು ವ್ಯಾನಿನ ಆಪರೇಟರು ಕೇಳಿದ.

“ಇನ್ನೂ ಎರಡು ಅದೆ ತಮಾ. ತಡಿ, ಗಂಟು ಕೈಗೆ ಸಿಕ್ಕುದಿಲ್ಲ.”

“ಫೋಟೋ ತೆಗೆಯೋದು ಒಂದು ಕ್ಷಣ, ಮಣಿ ಬಿಚ್ಚೋದು ಒಂದು ಮಧ್ಯಾಹ್ನ!” ಅವನು ಘಟ್ಟದ ಮೇಲಿನವನು, ಈ ಕರಾವಳಿಯ ಹಾಲಕ್ಕಿ ಒಕ್ಕಲಿನ ಹೆಂಗಸರು ಎದೆ ತುಂಬ ಮಣಿ ಹೇರಿಕೊಳ್ಳುವುದನ್ನು ಇದೇ ಮೊದಲು ನೋಡಿದ್ದಿರಬೇಕು. ದೇವಿಯ ಸರದಿ ಬಂದಾಗ ಅವಳ ಕುತ್ತಿಗೆ ನೋಡಿ ಉಸ್ಸೆಂದ. “ಪುಣ್ಯ ಬಂತು ನಿಮಗೆ. ಏನೂ ಇಲ್ಲವಲ್ಲ?”

“ಇಲ್ಲ” ಎಂದಳು ದೇವಿ. ತಾನೂ ಹಾಲಕ್ಕಿಯವಳೇ ಎಂದು ಹೇಳಲು ಹೋಗಲಿಲ್ಲ.

ಅವನು ಗದ್ದ ಮೇಲೆ ಮಾಡಿ ತಗಡಿಗೆ ಎದೆ ಒತ್ತಿ ನಿಲ್ಲಲು ಹೇಳಿದ. ತಲೆ ಹಿಂದಕ್ಕೆ ಬಾಗಿಸಿದರೆ ತುರುಬು ಅಡ್ಡ ಬರುತ್ತಿತ್ತು. ದೇವಿ ಅದನ್ನು ಬಿಚ್ಚಿ, ಇಳಿದ ಜಡೆಯನ್ನು ಎಡ ಹೆಗಲಿನ ಮೇಲಿಂದ ಮುಂದಕ್ಕೆ ಹಾಕಿಕೊಂಡಳು. ಉಸಿರು ಹಿಡಿಯಿರಿ ಎಂದ, ಹಿಡಿದಳು. ಬಿಡಿ ಎಂದ, ಬಿಟ್ಟಳು. ಅಷ್ಟೇ ಕೆಲಸ.

ಆ ಫಿಲ್ಮು ಅವಳಿಗೆ ಬೇಕಾದದ್ದು ಇಂಗ್ಲೆಂಡಿಗೆ ಹೋಗಲು. ಅಲ್ಲಿನ ಉತ್ತರ ಭಾಗದ ಒಂದು ಊರಿನಲ್ಲಿ ಮುದುಕರ ಆಸ್ಪತ್ರೆಯವರು ಅವಳನ್ನು ಕೆಲಸಕ್ಕೆ ಒಪ್ಪಿಕೊಂಡಿದ್ದರು. ವೋಚರ್ ಎಂದು ಕರೆಯುತ್ತಿದ್ದ ಕೆಲಸದ ಪರವಾನಗಿ ಅಕ್ಟೋಬರಿನಲ್ಲಿ ಬಂದಿತ್ತು. ಏಪ್ರಿಲ್ ಮುಗಿಯುವುದರೊಳಗೆ ಅವಳು ಅಲ್ಲಿ ಇಳಿಯಬೇಕು, ಇಲ್ಲವಾದರೆ ಅದು ರದ್ದು. ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ, ಸಿಡುಬಿನ ಲಸಿಕೆ, ಇಂಗ್ಲಿಷಿನ ಪರೀಕ್ಷೆ ಎಲ್ಲ ಮುಗಿದಿದ್ದವು. ಎದೆಯ ಫಿಲ್ಮು ನೋಡಿ ಡಾಕ್ಟರೊಬ್ಬರು ಆರೋಗ್ಯದ ಸರ್ಟಿಫಿಕೇಟಿಗೆ ಸಹಿ ಹಾಕುವುದೊಂದು ಉಳಿದಿತ್ತು.

ಹೋಗಬೇಕೆಂಬ ಆಸೆ ಅವಳಲ್ಲಿ ಹುಟ್ಟಿದ್ದು ಭಟ್ಕಳದ ಒಬ್ಬ ಮುದುಕನಿಂದ. ಲಕ್ವ ಹೊಡೆದು ಬಲಗೈ, ಬಲಗಾಲು ಸೇದಿಹೋಗಿದ್ದ ಅವನನ್ನು ದೇವಿ ಎರಡು ವರ್ಷ ಮಗ್ಗುಲು ತಿರುಗಿಸಿ, ತೊಳೆದು, ಉಣಿಸಿದ್ದಳು. ಬೆನ್ನಿಗೆ ಒಂದು ಹುಣ್ಣಾಗದಂತೆ ನೋಡಿಕೊಂಡಿದ್ದಳು. ಆದರೆ ಅವನನ್ನು ಮತ್ತೆ ಎಬ್ಬಿಸಿ ಕೂರಿಸುವುದು ಅವಳಿಗೆ ಗೊತ್ತಿರಲಿಲ್ಲ. ಅಂಥವರನ್ನು ದಿನದಿನಕ್ಕೆ ಕೂರಿಸಿ, ನಿಲ್ಲಿಸಿ, ನಡೆಸುವ ವಿದ್ಯೆ ಒಂದಿದೆ, ಅದಕ್ಕೇ ಮೀಸಲಾದ ವಾರ್ಡುಗಳಿವೆ ಎಂದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದಾಗ ಮುದುಕ ತೀರಿಕೊಂಡು ತಿಂಗಳಾಗಿತ್ತು.

ನವೆಂಬರ್ ಕೊನೆಯ ವಾರ ಫಿಲ್ಮು ಭಟ್ಕಳದ ಡಾಕ್ಟರ್ ಜುಬಾಪು ಅವರ ಕೈಸೇರಿತು. ದೇವಿ ಕೆಲಸ ಮಾಡುತ್ತಿದ್ದದ್ದು ಅವರ ಆಸ್ಪತ್ರೆಯಲ್ಲಿಯೇ. ಅವರು ಆ ಊರಿನ ಮುಸ್ಲಿಮರಾದ ನವಾಯತರು, ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ರೋಗಿಗಳ ಹತ್ತಿರ ಕನ್ನಡ. ಆ ದಿನ ಯಾವ ಭಾಷೆಯನ್ನೂ ಆಡದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯನ್ನು ದೇವಿಯ ಕೈಗೆ ಕೊಟ್ಟರು.

ವ್ಯಾನಿನ ಫಿಲ್ಮು ಅಂಗೈಗಿಂತ ಚಿಕ್ಕದು. ಎಡಗಡೆ ಮೇಲೆ, ಕೊರಳೆಲುಬಿನ ಹಿಂದೆ, ಸಾಸಿವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಗುಂಪಾಗಿ ಕಾಣುತ್ತಿದ್ದವು. ನಡುನಡುವೆ ಒಂದೊಂದು ತುಸು ದೊಡ್ಡದು.

“ಹಳೇ ಕ್ಷಯ, ಮಾಗಿ ಸುಣ್ಣಗಟ್ಟಿದೆ ಅಂತ ಬರೆದಿದ್ದಾರೆ” ಎಂದರು ಡಾಕ್ಟರು. “ನೋಡಿದರೆ ನಾನೂ ಅದನ್ನೇ ಬರೀತಿದ್ದೆ, ಸಿಸ್ಟರ್.”

“ನಂಗೆ ಕೆಮ್ಮಿಲ್ಲ ಡಾಕ್ಟ್ರೆ, ಜ್ವರ ಬಂದದ್ದಿಲ್ಲ.”

“ಗೊತ್ತು. ಎದೆಯಲ್ಲಿ ಏನೂ ಕೇಳಿಸೋದೂ ಇಲ್ಲ. ಇಲ್ಲಿ ಕೆಲಸ ಮಾಡೋದಕ್ಕೆ ಬಿಲ್ಕುಲ್ ಅಡ್ಡಿಯಿಲ್ಲ. ಆದರೆ ಆ ಸರ್ಟಿಫಿಕೇಟಿಗೆ ನಾನು ಸಹಿ ಹಾಕೋಹಾಗಿಲ್ಲ. ಆರು ತಿಂಗಳು ಬಿಟ್ಟು ಇನ್ನೊಂದು ಫಿಲ್ಮು ತೆಗೀಬೇಕು. ಚುಕ್ಕೆ ಹಾಗೇ ಇದ್ದರೆ ರೋಗ ಮಲಗಿದೆ ಅಂತ ಲೆಕ್ಕ.”

“ಈಗಲೇ ಹೊನ್ನಾವರದಲ್ಲಿ ದೊಡ್ಡ ಫಿಲ್ಮು ತೆಗೆಸಿದ್ರೆ?”

“ಅದೇ ಚುಕ್ಕೆ ದೊಡ್ಡದಾಗಿ ಕಾಣ್ತದೆ, ಅಷ್ಟೆ.”

ಆರು ತಿಂಗಳೆಂದರೆ ಮೇ. ಪರವಾನಗಿ ಏಪ್ರಿಲ್‌ವರೆಗೆ. ದೇವಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ವಾರ್ಡಿಗೆ ಹೋದಳು.

ಫಿಲ್ಮಿನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಕಲಿಯುವಾಗ ಚಳಿಗಾಲವಿಡೀ ಕ್ಷಯದ ವಾರ್ಡಿನಲ್ಲಿ ಕೆಲಸ ಮಾಡಿದ್ದಳು. ಅಲ್ಲಿನ ಒಬ್ಬ ರೋಗಿ ಹುಡುಗಿ ಕೆಮ್ಮುವಾಗಲೆಲ್ಲ ದೇವಿಯ ಕೈಯನ್ನೇ ಹಿಡಿಯುತ್ತಿದ್ದಳು. ಅಲ್ಲಿಂದಲೇ ಬಂದಿರಬೇಕು ಎಂದುಕೊಂಡಳು. ಕಾರಣ ಸಿಕ್ಕಿದ ಮೇಲೆ ಮನಸ್ಸು ಬೇರೆ ಕಾರಣ ಹುಡುಕುವುದಿಲ್ಲ. ಅಂದಿನಿಂದ ತನ್ನ ಲೋಟ, ತಟ್ಟೆ ಬೇರೆ ಮಾಡಿಕೊಂಡಳು. ಬಾಣಂತಿಯರ ಕೋಣೆಗೆ ಹೋಗುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳತೊಡಗಿದಳು. ಡಾಕ್ಟರು ಬೇಡವೆಂದರೂ ಬಿಡಲಿಲ್ಲ.

ಡಿಸೆಂಬರಿನಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋದಳು. ಲಾಂಚಿನಲ್ಲಿ ಶರಾವತಿ ದಾಟಿ, ಹೊನ್ನಾವರದಿಂದ ಕುಮಟೆಗೆ ಬಸ್ಸು ಹಿಡಿದು, ಅಲ್ಲಿಂದ ಕಾಗಾಲ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕೊಯ್ಲು ಮುಗಿದು ಅಂಗಳದಲ್ಲಿ ಭತ್ತದ ಹೊರೆ ಬಿದ್ದಿತ್ತು. ಅಪ್ಪ ಮಾಸ್ತಿ ಮತ್ತು ಅಣ್ಣ ಗದ್ದೆಯ ಕಡೆ ಇದ್ದರು. ಅವ್ವಿ ಸಣ್ಣಮ್ಮ ಮತ್ತು ಅತ್ತಿಗೆ ಹೊನ್ನಿ ಜಗಲಿಯಲ್ಲಿ ಮಾರನೆಯ ದಿನದ ಪೇಟೆಗೆ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು.

ದೇವಿ ನಡೆದದ್ದನ್ನೆಲ್ಲ ಹೇಳಿದಳು. ಎದೆಯಲ್ಲಿ ಹಳೆಯ ಕಲೆ ಇದೆಯಂತೆ, ಅಪಾಯವಿಲ್ಲ, ಇಂಗ್ಲೆಂಡು ಮಾತ್ರ ಇಲ್ಲ ಎಂದಳು.

ಸಣ್ಣಮ್ಮ ಕಟ್ಟು ಕಟ್ಟುವುದನ್ನು ನಿಲ್ಲಿಸಿದಳು. “ಕಲೆ ಅಂದ್ರೆ ಎಂತ? ನೋವು ಅದ್ಯಾ?”

“ಇಲ್ಲ ಅವ್ವಿ.”

“ನೋವಿಲ್ದೆ ಇದ್ರೆ ಆತು. ಅಲ್ಲಿಗೆ ಹೋಗುದು ಬೇಡ, ಒಳ್ಳೇದೇ ಆತು. ನಾ ಮೊದ್ಲೇ ಕೇಳಿದ್ದೆ, ಅಲ್ಲಿಯ ಮುದುಕರಿಗೆ ಸೊಸೆ ಮಕ್ಕಳು ಇಲ್ವನೆ ಅಂತ.”

“ಇದ್ರೂ ನನ್ನಂತಾ ಸೊಸೆ ಇರುಕೆ ಪುಣ್ಯ ಬೇಕು ಅತ್ತೆ” ಎಂದಳು ಹೊನ್ನಿ.

“ಹೌದೌದು, ನಿನ್ನ ಪುಣ್ಯ ನಿನ್ನೆ ಗಂಜಿ ತಳ ಹತ್ತಿದಾಗ ಮೂಗಿಗೆ ಬಂದಿತ್ತು.”

ದೇವಿಗೂ ನಗು ಬಂತು. ಹೊನ್ನಿ ನೀರು ತಂದುಕೊಟ್ಟಳು. ದೇವಿ ಆ ಲೋಟ ಮುಟ್ಟದೆ ತನ್ನ ಚೀಲದಿಂದ ಇನ್ನೊಂದು ಲೋಟ ತೆಗೆದು, ನೀರನ್ನು ಮೇಲಿಂದ ಹೊಯ್ಯಿಸಿಕೊಂಡಳು. ಸಣ್ಣಮ್ಮ ಅದನ್ನು ನೋಡಿದಳು. ಎದ್ದು ಕೊಬ್ಬರಿ ಎಣ್ಣೆಯ ಗಿಂಡಿ ತಂದು, “ಬಾ, ತಲೆ ಕೊಡು” ಎಂದು ಮಗಳನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

ಮಗಳು ಊರಿಗೆ ಬಂದಾಗಲೆಲ್ಲ ಸಣ್ಣಮ್ಮ ಮಾಡುತ್ತಿದ್ದ ಕೆಲಸ ಇದು. ದೇವಿ ಹುಬ್ಬಳ್ಳಿಗೆ ಹೊರಟಾಗ, ಅಲ್ಲಿ ಕುತ್ತಿಗೆಗೆ ಏನೂ ಹಾಕುವಂತಿಲ್ಲ ಎಂಬ ನಿಯಮ ಕೇಳಿ ಸಣ್ಣಮ್ಮ ಊಟ ಬಿಟ್ಟಿದ್ದಳು. ಅವರ ಕೊಪ್ಪದಲ್ಲಿ, ಎಂದರೆ ಹಾಲಕ್ಕಿಗಳ ಕೇರಿಯಲ್ಲಿ, ಹುಡುಗಿಯ ಮೈಮೇಲೆ ಮಣಿ ಇಲ್ಲವೆಂದರೆ ಅದು ಕೇಡಿನ ಮಾತು. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಒಂದೇ ಒಂದು ಸರ, ಕರಿಯ ಸಣ್ಣ ಗಾಜಿನ ಮಣಿ, ನಡುನಡುವೆ ಬಿಳಿಯ ದೊಡ್ಡ ಮಣಿ, ಅದನ್ನು ಮಗಳ ಜಡೆಯೊಳಗೆ ಸೇರಿಸಿ ಹೆಣೆದಳು. ಮೇಲೆ ತುರುಬು, ಅದರ ಮೇಲೆ ನರ್ಸಿನ ಟೊಪ್ಪಿಗೆ; ಯಾರ ಕಣ್ಣಿಗೂ ಬೀಳದು. ನಾನೇ ತೆಗೆಯುವ ತನಕ ಇದು ನಿನ್ನ ಮೈ ಬಿಟ್ಟು ಹೋಗಕೂಡದು ಎಂದು ಮಾತು ತೆಗೆದುಕೊಂಡಳು. ದೇವಿ ಆ ಮಾತು ಉಳಿಸಿಕೊಂಡು ಬಂದಿದ್ದಳು. ತಲೆ ತೊಳೆಯುವಾಗ ಸರವನ್ನು ಮುಂಗೈಗೆ ಸುತ್ತಿಕೊಂಡು, ಒಣಗಿದ ಮೇಲೆ ಮತ್ತೆ ಹೆಣೆದುಕೊಳ್ಳುವಳು. ವರ್ಷಗಳು ಕಳೆದ ಹಾಗೆ ಅದು ಕೂದಲಿನ ಒಂದು ಎಳೆಯೇ ಆಗಿಹೋಗಿತ್ತು. ಇದೆ ಎಂಬ ನೆನಪೂ ಇರುತ್ತಿರಲಿಲ್ಲ.

ಈಗಲೂ ಎಣ್ಣೆ ಹಚ್ಚಿ ಜಡೆ ಹೆಣೆದ ಮೇಲೆ ಸಣ್ಣಮ್ಮ ಬೆನ್ನಿನ ಮೇಲೆ ಚೆಲ್ಲಿದ ಎಣ್ಣೆ ಒರೆಸಲು ಜಡೆಯನ್ನು ಎತ್ತಿ ಎಡ ಹೆಗಲಿನ ಮೇಲಿಂದ ಮುಂದಕ್ಕೆ ಹಾಕಿದಳು.

ಜಡೆ ಕೊರಳೆಲುಬಿನ ಕೆಳಗೆ ಬಂದು ಕೂತಿತು. ದೇವಿ ಕಣ್ಣು ಕೆಳಗೆ ಮಾಡಿ ಅದನ್ನು ನೋಡಿದಳು. ಎಣ್ಣೆಗೆ ಹೊಳೆಯುತ್ತಿದ್ದ ಕೂದಲಿನ ಸಂದಿಯಲ್ಲಿ ಸಣ್ಣ ಮಣಿಗಳು ಗುಂಪಾಗಿ, ನಡುನಡುವೆ ತುಸು ದೊಡ್ಡದು. ಅವಳು ಅಂಗೈಯನ್ನು ಜಡೆಯ ಮೇಲಿಟ್ಟು ಎದೆಗೆ ಒತ್ತಿ ಹಿಡಿದಳು. ವ್ಯಾನಿನ ತಗಡು ಒತ್ತಿದ್ದು ಇಲ್ಲೇ.

“ಎಂತ ಆತೆ? ಕೂದ್ಲು ಜಗ್ತಾ?”

“ಅವ್ವಿ, ಇದೇ.”

“ಯಾವ್ದು ಇದೇ?”

“ಕಲೆ. ಡಾಕ್ಟ್ರು ತೋರ್ಸಿದ ಕಲೆ ಇದೇ. ಎದೆ ಒಳಗಿಲ್ಲ, ಜಡೇಲಿ ಅದೆ!” ಅವಳು ತಿರುಗಿ ಕೂತು ವಿವರಿಸಿದಳು. ಎಕ್ಸ್‌ರೇಯ ಕಿರಣ ಬಟ್ಟೆ ದಾಟುತ್ತದೆ, ಕೂದಲು ದಾಟುತ್ತದೆ. ಗಾಜಿನ ಮಣಿಯನ್ನು ಅಷ್ಟು ಸುಲಭವಾಗಿ ದಾಟುವುದಿಲ್ಲ. ದಾಟದ ಕಡೆ ಫಿಲ್ಮು ಬೆಳ್ಳಗೆ ಉಳಿಯುತ್ತದೆ. ಸುಣ್ಣಗಟ್ಟಿದ ಕಲೆಯೂ ಹಾಗೆಯೇ ಕಾಣುವುದು. ಅಂಗೈಯಗಲದ ಫಿಲ್ಮಿನಲ್ಲಿ ಯಾವುದು ಯಾವುದೆಂದು ಹೇಳುವುದು ಕಷ್ಟ.

ಹೊನ್ನಿಗೆ ನಗು ತಡೆಯಲಾಗಲಿಲ್ಲ. “ಹಂಗಾದ್ರೆ ಇವ್ಳ ಕ್ಷಯ ಕುಮಟೆ ಸಂತೇಲಿ ತಕಂಡದ್ದು!”

ಸಣ್ಣಮ್ಮ ನಗಲಿಲ್ಲ. ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಅಂದ್ರೆ, ನೀ ಹೇಳ್ದಿದ್ರೆ ಯಾರಿಗೂ ಗೊತ್ತಾಗುದಿಲ್ಲ.”

“ಇಲ್ಲ.”

“ನಿಂಗೆ ರೋಗಾನೂ ಇಲ್ಲ. ಇಲ್ಲೇ ಇರ್ತೆ. ಭಟ್ಕಳ ಎಂತ ದೂರ.” ಅವಳು ಮಗಳ ಮುಖ ನೋಡಲಿಲ್ಲ. “ನಂಗೆ ಮತ್ತೆಂತ ಬೇಕು.”

ದೇವಿ ಜಡೆಯ ಮಣಿಗಳನ್ನು ಮುಟ್ಟಿ ನೋಡಿಕೊಂಡಳು. ಹೊನ್ನಾವರಕ್ಕೆ ಹೋಗಿ ಇನ್ನೊಂದು ಫಿಲ್ಮು ತೆಗೆಸಿದರೆ ಮುಗಿಯಿತು. ಸರವನ್ನು ಮುಂಗೈಗೆ ಸುತ್ತಿಕೊಂಡರೂ ಸಾಕು, ಕೊಟ್ಟ ಮಾತು ಮುರಿಯುವುದಿಲ್ಲ. ಆದರೂ ಅವ್ವಿ ಹೀಗೆ ಹೇಳಿದ ಮೇಲೆ ತಾನಾಗಿ ಎದ್ದು ಹೋಗುವುದು ಅವಳಿಂದಾಗಲಿಲ್ಲ. ಬೇಡವೆಂದರೆ ಹೋಗುವುದಿಲ್ಲ ಎಂದು ಒಳಗೇ ತೀರ್ಮಾನಿಸಿ, ಸೊಪ್ಪಿನ ರಾಶಿಯ ಮುಂದೆ ಕೂತು ಕಟ್ಟು ಕಟ್ಟತೊಡಗಿದಳು. ಅವಳ ಕಟ್ಟುಗಳು ದಪ್ಪವಾಗಿ ಬರುತ್ತಿದ್ದವು. ಹೊನ್ನಿ ಸದ್ದಿಲ್ಲದೆ ಅವನ್ನು ಬಿಚ್ಚಿ ಎರಡೆರಡು ಮಾಡಿದಳು.

ಸಣ್ಣಮ್ಮ ಗದ್ದೆಯ ಕಡೆ ಹೋದಳು. ಹೊತ್ತು ಇಳಿಯುವಾಗ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸಿ, ಕಾಲು ತೊಳೆದು, ಜಗಲಿಗೆ ಬಂದು ದೇವಿಯ ಚೀಲದ ಪಕ್ಕದಲ್ಲಿದ್ದ ಲೋಟವನ್ನು ಕೈಗೆತ್ತಿಕೊಂಡಳು.

“ಇದು ಎಷ್ಟು ದಿನದಿಂದ?”

“ಫಿಲ್ಮು ಬಂದಾಗಿಂದ.”

“ತಟ್ಟೇನೂ ಬೇರೆ?”

“ಹೌದು.”

“ನಂಗೆ ಹೇಳ್ಲಿಲ್ಲ.” ಅವಳು ಆ ಲೋಟದಲ್ಲಿ ಕೊಡದ ನೀರು ತುಂಬಿಕೊಂಡು, ತುಟಿ ತಾಗಿಸಿ, ಪೂರ್ತಿ ಕುಡಿದಳು. “ನಾ ಗದ್ದೇಲಿ ಯೋಚ್ನೆ ಮಾಡ್ದೆ. ನೀ ಸುಮ್ನಿದ್ರೆ ನೀ ಉಳೀತೆ, ಹೌದು. ಆ ರೋಗಾನೂ ಉಳೀತದೆ. ಡಾಕ್ಟ್ರ ಹತ್ರ ಉಳೀತದೆ, ಮಂದಿ ಬಾಯಲ್ಲಿ ಉಳೀತದೆ. ಇಲ್ಲದ ರೋಗ ನನ್ನ ಮಗಳ ಮೈಮೇಲೆ ಬೇಡ. ನಾಳೆ ಹೊನ್ನಾವರಕ್ಕೆ ಹೋಗ್ವಾ.”

“ರೋಗ ಇಲ್ಲ ಅಂತಾದ್ರೆ ನಾ ಹೋಗ್ತೆ ಅವ್ವಿ. ದೂರ ಹೋಗ್ತೆ.”

“ನಂಗೆ ಅಷ್ಟೂ ತಿಳಿಯುದಿಲ್ವನೆ?” ಎಂದು ಗದರಿದಳು ಸಣ್ಣಮ್ಮ.

ಮಾರನೆಯ ದಿನ ಹೊನ್ನಾವರದ ಖಾಸಗಿ ದವಾಖಾನೆಯೊಂದರ ಹಿಂಬದಿಯ ಕೋಣೆಯ ಹೊರಗೆ ಸಣ್ಣಮ್ಮ ಮಗಳ ಜಡೆ ಬಿಚ್ಚಿದಳು. ದೇವಿ ಮುಂಗೈ ಚಾಚಿದಳು. “ಇಲ್ಲಿಗೆ ಸುತ್ತು, ಸಾಕು. ಇಲ್ಲಿದ್ರೆ ಫಿಲ್ಮಿಗೆ ಬೀಳುದಿಲ್ಲ.”

“ಬೇಡ. ಆ ಮಿಶನ್ನಿಗೆ ಮಣಿ ಕಂಡ್ರೆ ಆಗುದಿಲ್ಲ. ಈ ಸಲ ಕೈಗೆ ರೋಗ ಬಂತು ಅಂತದೆ.” ಸಣ್ಣಮ್ಮ ಸರವನ್ನು ತನ್ನ ಕುತ್ತಿಗೆಗೆ ಹಾಕಿಕೊಂಡಳು. ಅಲ್ಲಿದ್ದ ಹತ್ತಾರು ಸರಗಳ ನಡುವೆ ಅದು ಕಾಣದಾಯಿತು. “ನೀ ಬರುವ ತನಕ ನನ್ನ ಮೈಮೇಲೆ ಇರ್ಲಿ.”

ಫಿಲ್ಮು ದೊಡ್ಡದು. ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಅಲ್ಲಿನ ಡಾಕ್ಟರು ಬೆಳಕಿನ ಪೆಟ್ಟಿಗೆಗೆ ಹಿಡಿದರು. ಎರಡು ಶ್ವಾಸಕೋಶಗಳೂ ಮೇಲಿಂದ ಕೆಳಗಿನವರೆಗೆ ಸ್ವಚ್ಛ. ಸಣ್ಣಮ್ಮ ಬಾಗಿಲಿನಿಂದ ಇಣುಕಿದಳು.

“ಇದು ನನ್ನ ಮಗಳಾ?”

“ಹೌದಮ್ಮ, ಪಕ್ಕೆಲುಬು.”

“ತದಡೀಲಿ ಹೊಸ ದೋಣಿ ಕಟ್ಟುವಾಗ ಹೀಂಗೇ ಕಾಣ್ತದೆ” ಎಂದಳು ಸಣ್ಣಮ್ಮ, ಕಣ್ಣು ಕೀಳದೆ.

ದೇವಿಗೆ ಇಷ್ಟಕ್ಕೆ ಸಮಾಧಾನವಾಗಲಿಲ್ಲ. ಒಂದು ಫಿಲ್ಮಿನಲ್ಲಿ ಚುಕ್ಕೆ ಇದೆ, ಇನ್ನೊಂದರಲ್ಲಿ ಇಲ್ಲ. ಸುಣ್ಣಗಟ್ಟಿದ ಕಲೆ ತಿಂಗಳೊಳಗೆ ಅಳಿಸಿಹೋಗುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು ಫಿಲ್ಮು ಅವಳದಲ್ಲ ಎಂದು ಯಾರಾದರೂ ಹೇಳಬಹುದು. ಚುಕ್ಕೆ ಇಲ್ಲವೆಂದು ತೋರಿಸಿದರೆ ಸಾಲದು, ಅದು ಎಲ್ಲಿಂದ ಬಂತೆಂದೂ ತೋರಿಸಬೇಕು. “ಅವ್ವಿ, ಸರ ಒಂದ್ಸಲ ವಾಪಸ್ ಕೊಡು” ಎಂದಳು.

ಸಣ್ಣಮ್ಮ ಕುತ್ತಿಗೆಯ ರಾಶಿಯಲ್ಲಿ ಕೈಯಾಡಿಸಿದಳು. ನೋಡದೆಯೇ, ಬೆರಳಿನಲ್ಲೇ ಹುಡುಕಿ, ಅದೊಂದನ್ನೇ ಎಳೆದು ತೆಗೆದಳು. ಮತ್ತೆ ಜಡೆಯೊಳಗೆ ಹೆಣೆದಳು. ದೇವಿ ಜಡೆಯನ್ನು ಎಡ ಹೆಗಲಿನ ಮೇಲಿಂದ ಮುಂದಕ್ಕೆ ಹಾಕಿ, ತಗಡಿಗೆ ಎದೆ ಒತ್ತಿ, ಉಸಿರು ಹಿಡಿದಳು. ಎರಡನೆಯ ಫಿಲ್ಮಿನಲ್ಲಿ ಕೊರಳೆಲುಬಿನ ಹಿಂದೆ ಚುಕ್ಕೆಗಳು ಮರಳಿ ಬಂದಿದ್ದವು. ದೊಡ್ಡ ಫಿಲ್ಮಾದ್ದರಿಂದ ಈಗ ಒಂದೊಂದು ಮಣಿಯ ತೂತೂ ಕಾಣುತ್ತಿತ್ತು.

ಅಲ್ಲಿಂದ ತಾಯಿ ಮಗಳು ಲಾಂಚು ಹತ್ತಿ ಶರಾವತಿ ದಾಟಿ ಭಟ್ಕಳಕ್ಕೆ ಹೋದರು. ಡಾಕ್ಟರ್ ಜುಬಾಪು ಮೂರು ಫಿಲ್ಮುಗಳನ್ನೂ ಕಿಟಕಿಯ ಗಾಜಿಗೆ ಆನಿಸಿ, ಭೂತಗನ್ನಡಿ ಹಿಡಿದು ಒಂದರಿಂದ ಒಂದಕ್ಕೆ ಹೋಗಿಬಂದರು.

“ಅರೆ!” ಎಂದರು. ಆಮೇಲೆ ಸಣ್ಣಮ್ಮನ ಕಡೆ ತಿರುಗಿ, “ಅಮ್ಮಾ, ನಿಮ್ಮ ಫಿಲ್ಮು ತೆಗೆದಿದ್ದರೆ ನಾವು ನಿಮ್ಮನ್ನು ಆಗಲೇ ಮಣ್ಣು ಮಾಡ್ತಿದ್ದೆವು” ಎಂದರು.

“ಮಣಿ ತೆಗೀದೆ ಮಣ್ಣು ಮಾಡಿ ಸಾಯ್ಬ್ರೆ, ಆತು” ಎಂದಳು ಸಣ್ಣಮ್ಮ.

ಡಾಕ್ಟರು ಗಟ್ಟಿಯಾಗಿ ನಕ್ಕರು. ನಗುತ್ತಲೇ ಸರ್ಟಿಫಿಕೇಟಿಗೆ ಸಹಿ ಹಾಕಿದರು.

ಫೆಬ್ರವರಿಯ ಮೂರನೇ ವಾರ ದೇವಿ ಮುಂಬಯಿಗೆ ಹೊರಡುವ ದಿನ ಬಂತು, ಅಲ್ಲಿಂದ ವಿಮಾನ. ವಿಮಾನಕ್ಕೆ ಇಪ್ಪತ್ತು ಕಿಲೋಗಿಂತ ಹೆಚ್ಚು ಸಾಮಾನು ಒಯ್ಯುವಂತಿಲ್ಲ. ಆಸ್ಪತ್ರೆಯ ತಕ್ಕಡಿಯ ಮೇಲೆ ಅವಳ ಪೆಟ್ಟಿಗೆ ಏರಿತು, ಇಳಿಯಿತು. ಸಣ್ಣಮ್ಮ ಕಾಗಾಲದಿಂದ ಗಜನಿಯಲ್ಲಿ ಬೆಳೆದ ಕಗ್ಗ ಭತ್ತದ ಅಕ್ಕಿ, ಒಣಸೀಗಡಿ, ಸಾರಿಗೆ ಹಾಕುವ ಮುರುಗಲ ಹುಳಿಸಿಪ್ಪೆ ಹೊತ್ತು ತಂದಿದ್ದಳು. ಸೀಗಡಿ ಹೊರಗೆ ಬಂತು. ಅಕ್ಕಿಯಲ್ಲಿ ಅರ್ಧ ಹೊರಗೆ ಬಂತು. ಕಂಪೌಂಡರ್ ಅಣ್ಣಪ್ಪ ತಕ್ಕಡಿಯ ಮುಳ್ಳು ನೋಡಿ, “ಇನ್ನು ಒಂದು ಕರವಸ್ತ್ರ ಹಾಕಿದ್ರೂ ವಿಮಾನ ಮುಳುಗ್ತದೆ” ಎಂದ.

ಸಣ್ಣಮ್ಮ ಕುತ್ತಿಗೆಯಿಂದ ಆ ಒಂದು ಸರ ತೆಗೆದಳು. ಹೊನ್ನಾವರದಿಂದ ಬಂದ ದಿನ ಜಡೆಯಿಂದ ಬಿಡಿಸಿದ ಮೇಲೆ ಅದು ಅವಳ ಬಳಿಯೇ ಇತ್ತು. ಕೊಡು ಎಂದು ದೇವಿ ಕೇಳಿರಲಿಲ್ಲ.

“ಇದು ಪೆಟ್ಟಿಗೇಲಿ ಹಿಡೀತದ್ಯಾ?”

“ಮೈಮೇಲಿದ್ದದ್ದನ್ನ ತೂಗುದಿಲ್ಲ ಅವ್ವಿ.”

“ಹಂಗಾದ್ರೆ ಕೂತ್ಕೊ.”

ದೇವಿ ಅವಳಿಗೆ ಬೆನ್ನು ಕೊಟ್ಟು ಔಷಧಿ ಕೋಣೆಯ ಸ್ಟೂಲಿನ ಮೇಲೆ ಕೂತಳು. ಸಣ್ಣಮ್ಮ ಕೂದಲನ್ನು ಮೂರು ಪಾಲು ಮಾಡಿದಳು. “ಅಲ್ಲೂ ಫೋಟೋ ತೆಗೀತ್ರಾ?”

“ವರ್ಷಕ್ಕೊಂದ್ಸಲ.”

“ತೆಗೆಯುಕೆ ಮೊದ್ಲು ನೀನೇ ಬಿಚ್ಚಿ ಇಡು. ನಾ ಬರುದಿಲ್ಲಲ್ಲ ಅಲ್ಲಿಗೆ.” ಕೂದಲಿನ ಸಿಕ್ಕು ಬಿಡಿಸುತ್ತ ಹೇಳಿದಳು: “ಆಮೇಲೆ ಕಟ್ಕೊ. ಕಟ್ಟುದು ಬಿಡುದು ಇನ್ನು ನಿನ್ನ ಇಷ್ಟ.”

“ಆತು ಅವ್ವಿ” ಎಂದಳು ದೇವಿ. ಕೈಯನ್ನು ಹಿಂದಕ್ಕೆ ಚಾಚಿ ತಾಯಿಯ ಮೊಣಕಾಲು ಹಿಡಿದುಕೊಂಡಳು.

ಅಣ್ಣಪ್ಪ ಔಷಧಿ ತೂಗುವ ಸಣ್ಣ ತಕ್ಕಡಿಯನ್ನು ಮುಂದಕ್ಕೆ ಸರಿಸಿ, “ಅಮ್ಮಾ, ಒಂದು ನಿಮಿಷ ಇಲ್ಲಿ ಕೊಡಿ, ಇಷ್ಟೆಲ್ಲ ಮಾಡಿದ್ದು ಎಷ್ಟು ಭಾರ ಉಂಟು ನೋಡುವ” ಎಂದ. ಸಣ್ಣಮ್ಮ ಸರವನ್ನು ಅವನ ಹಿತ್ತಾಳೆಯ ತಟ್ಟೆಯಲ್ಲಿಟ್ಟಳು. ಅವನು ಇನ್ನೊಂದು ತಟ್ಟೆಗೆ ತೂಕದ ಬಟ್ಟುಗಳನ್ನು ಹಾಕಿ, ಮುಳ್ಳು ನಡುವೆ ನಿಲ್ಲುವ ತನಕ ಕಾದ.

ಇಪ್ಪತ್ತಮೂರು ಗ್ರಾಂ.